ಮಿಶ್ರಿ ಬಿಟ್ಟ ಐದು ದಿನಗಳು

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತೆರಡು ವರ್ಷ ನನ್ನ ಕೈಚೀಲದಲ್ಲಿದ್ದ ಕುಂಕುಮದ ಭರಣಿಯಲ್ಲಿ ಕುಂಕುಮ ಇರಲಿಲ್ಲ, ಮಿಶ್ರಿ ಇತ್ತು. ಹೊಗೆಸೊಪ್ಪನ್ನು ಹಂಚಿನ ಮೇಲೆ ಕರ್ರಗಾಗುವಂತೆ ಹುರಿದು, ಪುಡಿ ಮಾಡಿ, ಬೆರಳ ತುದಿಯಿಂದ ಹಲ್ಲಿಗೂ ವಸಡಿಗೂ ತಿಕ್ಕುತ್ತಾರಲ್ಲ, ಅದು. ಉತ್ತರ ಕರ್ನಾಟಕದ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರು ಅದೊಂದು ಬಗೆಯ ಹಲ್ಲುಪುಡಿ ಎಂದುಕೊಂಡರೆ ನನ್ನ ಮರ್ಯಾದೆ ತುಸು ಉಳಿಯುತ್ತದೆ.

ನಾನು ಕನ್ನಡ ಶಾಲೆಯ ಶಿಕ್ಷಕಿ. ಗೋವಾದಲ್ಲಿ, ಝುವಾರಿನಗರದ ಹತ್ತಿರ. ಬಂದರಿನಲ್ಲಿ, ಕಾರ್ಖಾನೆಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವ ನಮ್ಮ ಕಡೆಯವರ ಮಕ್ಕಳಿಗೆ ಕಾಗುಣಿತ ಕಲಿಸುತ್ತೇನೆ, ಮಗ್ಗಿ ಕಲಿಸುತ್ತೇನೆ, ಸಾಲಾಗಿ ನಿಲ್ಲುವುದನ್ನೂ ಕಲಿಸುತ್ತೇನೆ. ಈ ಕೊನೆಯದರಲ್ಲಿ ನನಗೆ ಒಳ್ಳೆಯ ಹೆಸರಿದೆ. ನನ್ನ ತರಗತಿಯ ಸಾಲನ್ನು ಮುಖ್ಯೋಪಾಧ್ಯಾಯರು ಶಾಲೆಗೆ ಬಂದವರಿಗೆಲ್ಲ ತೋರಿಸುತ್ತಾರೆ. ಅಂಥ ನಾನು ಹನ್ನೊಂದು ಗಂಟೆಯ ಬಿಡುವಿನಲ್ಲಿ ಬಚ್ಚಲಿಗೆ ಹೋಗಿ, ಚಿಲಕ ಹಾಕಿಕೊಂಡು, ಭರಣಿಯಲ್ಲಿ ಬೆರಳಿಡುತ್ತಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಬಿಡುವಿನಲ್ಲಿ ಒಮ್ಮೆ, ಊಟವಾದ ಮೇಲೆ ಒಮ್ಮೆ, ಸಂಜೆ ಚಹಾಕ್ಕೆ ಮುಂಚೆ ಒಮ್ಮೆ. ಜ್ವರ ಬಂದಾಗಲೂ ತಪ್ಪಿಸಿದವಳಲ್ಲ. ಶಿಸ್ತು ಎಂದರೆ ಇದೇ ಅಲ್ಲವೆ?

ಶಿಸ್ತು ಎಂಬ ಮಾತು ನಮಗೆ ಮರಾಠಿಯಿಂದ ಬಂದದ್ದಂತೆ. ಅದರ ಹಿಂದೆ ಫಾರಸಿ ಇದೆಯಂತೆ. ಅಲ್ಲಿ ಅದಕ್ಕೆ ಗುರಿ ಎಂದು ಅರ್ಥವಂತೆ. ಬಂದೂಕು ಹಿಡಿದವನು ಒಂದು ಕಣ್ಣು ಮುಚ್ಚಿಕೊಂಡು ಹಿಡಿಯುತ್ತಾನಲ್ಲ, ಆ ಗುರಿ. ಇದನ್ನು ಓದಿದ ದಿನ ನನಗೆ ನಗು ಬಂತು. ನನಗೆ ಅದರಲ್ಲಿ ಒಂದು ಕಣ್ಣು ಮುಚ್ಚಿಕೊಳ್ಳುವಷ್ಟು ಮಾತ್ರ ಸಿದ್ಧಿಸಿತ್ತು.

ಶುರುವಾದದ್ದು ಹಲ್ಲುನೋವಿನಿಂದ. ಮದುವೆಯಾಗಿ ಚಿಕ್ಕೋಡಿಯ ಕಡೆಯಿಂದ ಇಲ್ಲಿಗೆ ಬಂದ ಮೊದಲ ಮಳೆಗಾಲ. ನಮ್ಮವರು ಮುರ್ಮುಗಾಂವ್ ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡುತ್ತಾರೆ. ಅಂದು ಪಾಳಿಗೆ ಹೋಗಿದ್ದರು. ದವಡೆ ಹಿಡಿದುಕೊಂಡು ಬಾಗಿಲಲ್ಲಿ ಕೂತಿದ್ದ ನನ್ನನ್ನು ನೋಡಿ ಪಕ್ಕದ ಮನೆಯ ದ್ಯಾಮವ್ವ ಒಳಗೆ ಹೋಗಿ ಒಂದು ಚಿಟಿಕೆ ಕರಿಪುಡಿ ತಂದು, "ಹಚ್ಚಿ ನೋಡ್ರಿ, ಹಾಂ ಅನ್ನೂದ್ರಾಗ ಕಡಿಮಿ ಆಕ್ಕೈತಿ" ಎಂದಳು. ಹೇಳಿದ ಹಾಗೆಯೇ ಕಡಿಮೆಯಾಯಿತು. ದ್ಯಾಮವ್ವ ಬಾಗಲಕೋಟೆಯ ಕಡೆಯವಳು, ನನಗಿಂತ ಏಳೆಂಟು ವರ್ಷ ದೊಡ್ಡವಳು, ಆದರೂ ಶಾಲೆಯಲ್ಲಿ ಕಲಿಸುವವಳೆಂದು ನನ್ನನ್ನು ಅಕ್ಕೋರ ಎನ್ನುತ್ತಾಳೆ. ಕಟ್ಟಡದ ಕೆಲಸದಲ್ಲಿ ತಲೆಯ ಮೇಲೆ ಬುಟ್ಟಿ ಹೊರುತ್ತಾಳೆ. ಅಂದಿನಿಂದ ನನ್ನ ಪಾಲಿನ ಮಿಶ್ರಿಯನ್ನೂ ಅವಳೇ ತನ್ನ ಒಲೆಯ ಮೇಲೆ ಹುರಿಯುತ್ತಿದ್ದಳು. ನಮ್ಮ ಮನೆಯಲ್ಲಿ ಹುರಿದರೆ ಘಾಟು ನಮ್ಮವರ ಮೂಗಿಗೆ ಬಡಿಯುತ್ತಿತ್ತಲ್ಲ!

ಹೊಗೆಸೊಪ್ಪನ್ನು ಈ ದೇಶಕ್ಕೆ ತಂದವರು ಪೋರ್ಚುಗೀಸರು ಎಂದು ಮಕ್ಕಳಿಗೆ ನಾನೇ ಪಾಠ ಮಾಡುತ್ತೇನೆ. ಹಡಗಿನಲ್ಲಿ ಬಂದ ಎಲೆ ಈ ದಂಡೆಯಲ್ಲಿ ಇಳಿದು, ಹೇಗೋ ಘಟ್ಟ ಹತ್ತಿ, ನಮ್ಮ ನಿಪ್ಪಾಣಿಯ ಹೊಲಗಳಲ್ಲಿ ಮನೆ ಮಾಡಿಕೊಂಡಿತು. ನಾನು ಬೆಳೆದದ್ದು ಆ ಘಾಟಿನಲ್ಲೇ. ಸೊಪ್ಪು ಒಣಗುವ ದಿನಗಳಲ್ಲಿ ಊರಿಗೆ ಊರೇ ಸೀನುತ್ತಿತ್ತು. ಆಗ ಒಂದು ದಿನವೂ ಅದನ್ನು ಬಾಯಿಗೆ ಮುಟ್ಟಿಸಿದವಳಲ್ಲ. ಅದು ಬೆಳೆಯುವ ಊರನ್ನು ದಾಟಿ, ಅದು ಮೊದಲು ಇಳಿದ ಊರಿಗೆ ಬಂದು ಅದರ ಕೈಗೆ ಸಿಕ್ಕಿಬಿದ್ದೆ.

ಬಿಡಲು ಪ್ರಯತ್ನಿಸಲಿಲ್ಲವೆಂದಲ್ಲ. ಶ್ರಾವಣ ಬಂದಾಗ ಬಿಟ್ಟೆ, ಹೊಸ ವರ್ಷಕ್ಕೆ ಬಿಟ್ಟೆ, ಮಗಳು ಹತ್ತನೇ ತರಗತಿಯಲ್ಲಿ ಪಾಸಾದರೆ ಬಿಡುತ್ತೇನೆಂದು ಹರಕೆ ಹೊತ್ತೆ. ಅವಳು ಪಾಸಾದಳು, ನಾನು ಆಗಲಿಲ್ಲ. ಪ್ರತಿ ಸಲವೂ ನನ್ನ ಸಂಕಲ್ಪಕ್ಕೆ ಒಂದು ರಿಯಾಯಿತಿ ಇರುತ್ತಿತ್ತು. ಬೆಳಗಿನ ಒಂದು ಚಿಟಿಕೆ ಚಟಕ್ಕಲ್ಲ, ಹೊಟ್ಟೆ ಸಾಫಾಗುವುದಕ್ಕೆ ಎಂದುಕೊಳ್ಳುತ್ತಿದ್ದೆ. ಆ ಒಂದು ಚಿಟಿಕೆಯ ಬೆನ್ನು ಹಿಡಿದು ಉಳಿದ ಮೂರೂ ಮರಳಿ ಬರುತ್ತಿದ್ದವು. ಒಮ್ಮೆ ಶಾಲೆಯ ಸುತ್ತಮುತ್ತ ತಂಬಾಕು ಇರಬಾರದೆಂದು ರಸ್ತೆಯ ಮೇಲೆ ಹಳದಿ ಗೆರೆ ಎಳೆಯುವ ಕೆಲಸ ನನ್ನ ಮೇಲೆ ಬಿತ್ತು. ಟೇಪು ಹಿಡಿದು ಅಳತೆ ಮಾಡಿಸಿದೆ, ಗೆರೆ ನೆಟ್ಟಗೆ ಬರುವಂತೆ ನಿಂತು ನೋಡಿಕೊಂಡೆ. ಅಷ್ಟು ಹೊತ್ತೂ ಭರಣಿ ಚೀಲದಲ್ಲೇ ಇತ್ತು. ಹಳದಿ ಗೆರೆಯ ಒಳಗಿದ್ದ ಒಂದೇ ತಂಬಾಕು ನನ್ನದು.

ಹೋದ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ, ಒಂದು ದಿನ ಊಟ ಮಾಡುವಾಗ ಕೆಂಪು ಖಾರದ ಚಟ್ನಿ ತಾಗಿ ಎಡಗೆನ್ನೆಯ ಒಳಗೆ ಉರಿ ಎದ್ದಿತು. ಕನ್ನಡಿಯ ಮುಂದೆ ಕೆನ್ನೆ ಎಳೆದು ನೋಡಿದೆ. ವಸಡಿನ ಪಕ್ಕದಲ್ಲಿ ಕಿರುಬೆರಳ ಉಗುರಿನಷ್ಟು ಬಿಳಿ ಮಚ್ಚೆ. ಹಾಲಿನ ಕೆನೆ ಅಂಟಿದಂತಿತ್ತು. ಬ್ರಷ್‌ನಿಂದ ಉಜ್ಜಿದೆ, ಹೋಗಲಿಲ್ಲ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದೆ, ಹೋಗಲಿಲ್ಲ. ನಾಲ್ಕು ದಿನ ಹೀಗೆ ಮಾಡಿದೆ. ಆ ನಾಲ್ಕು ದಿನವೂ ಮಿಶ್ರಿ ಹಚ್ಚುವುದನ್ನು ಬಿಡಲಿಲ್ಲ. ಬಲಗಡೆಗೆ ಹಚ್ಚುತ್ತಿದ್ದೆ ಅಷ್ಟೆ.

ಐದನೆಯ ದಿನ ವಾಸ್ಕೋದಲ್ಲಿ ಒಬ್ಬ ಹಲ್ಲಿನ ಡಾಕ್ಟರ ಬಳಿ ಹೋದೆ. ಚಿಕ್ಕ ವಯಸ್ಸಿನ ಹುಡುಗಿ, ಇಲ್ಲಿಯವಳೇ. ಏನು ಅಭ್ಯಾಸವಿದೆ ಎಂದು ಹಿಂದಿಯಲ್ಲಿ ಕೇಳಿದಳು. "ಮಿಶ್ರಿ" ಎಂದೆ. ಹಿಂದಿಯಲ್ಲಿ ಅದು ಕಲ್ಲುಸಕ್ಕರೆ! ಸಿಹಿಯಿಂದ ಹಲ್ಲು ಹುಳುಕಾಗುತ್ತದೆ, ಹೀಗೆ ಮಚ್ಚೆ ಬರುವುದಿಲ್ಲ ಎಂದು ಅವಳು ಸಮಾಧಾನ ಹೇಳತೊಡಗಿದಳು. ಅಲ್ಲಿಗೇ ನಿಲ್ಲಿಸಿಬಿಡಲೇ ಎಂದು ಒಂದು ಕ್ಷಣ ಆಸೆಯಾಯಿತು. ಕೊನೆಗೆ ತೋರುಬೆರಳಿನಿಂದ ಹಲ್ಲು ತಿಕ್ಕುವ ಅಭಿನಯ ಮಾಡಿ ತೋರಿಸಿದೆ. "ಮಶೇರಿ!" ಎಂದಳು, ಇಲ್ಲಿಯವರು ಅದಕ್ಕೆ ಹೇಳುವ ಹೆಸರು. ಮುಖದ ಮೇಲಿದ್ದ ನಗು ಹೋಯಿತು.

ಆರು ವಾರ ಒಂದು ಚಿಟಿಕೆಯೂ ಮುಟ್ಟಬಾರದು ಎಂದಳು. ಅಷ್ಟರಲ್ಲಿ ಮಚ್ಚೆ ಇಳಿಯದಿದ್ದರೆ ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಇಂಥವು ಹೆಚ್ಚಿನವು ಏನೂ ಆಗುವುದಿಲ್ಲ, ಕೆಲವು ಆಗುತ್ತವೆ, ಯಾವುದು ಯಾವುದೆಂದು ಬರೀ ನೋಡಿ ಹೇಳಲಾರೆ ಎಂದಳು. ಏನು ಆಗುತ್ತದೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಏಳುವಾಗ ಕೇಳಿದಳು: ಮನೆಯಲ್ಲಿ ಯಾರಿಗೆ ಗೊತ್ತು? ಯಾರಿಗೂ ಇಲ್ಲ ಎಂದೆ. ಹಾಗಾದರೆ ಮೊದಲು ಒಬ್ಬರಿಗಾದರೂ ಹೇಳಿ ಎಂದಳು.

ಗೊತ್ತಿದ್ದವಳಿಗೇ ಹೇಳಿದೆ. ಸಂಜೆ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದ ದ್ಯಾಮವ್ವ ಕೈ ಒರೆಸಿಕೊಂಡು ಬಂದಳು.

"ಬಾಯಿ ತಗೀರಿ, ನೋಡ್ತೇನಿ. ಇಷ್ಟ? ಇಷ್ಟಕ್ಕ ಹೆದರೀರೇನ್ರಿ ಅಕ್ಕೋರ? ನನ್ನ ಬಾಯಾಗ ಇದಕ್ಕಿಂತ ದೊಡ್ಡದೈತಿ. ವರ್ಷದ ಮ್ಯಾಲಾತು."

ಮೊಬೈಲಿನ ಬೆಳಕು ಹಿಡಿದು ನೋಡಿದೆ. ನನ್ನದರ ಮೂರರಷ್ಟಿತ್ತು. ಬರೀ ಬಿಳಿಯಲ್ಲ, ನಡುವೆ ತರಚಿದಂತೆ ಕೆಂಪು, ಅಂಚು ದಪ್ಪ. ಹಿಡಿದ ಬೆಳಕು ಅವಳ ಮೂಗಿನ ಮೇಲೆ ಹೋಯಿತು.

"ನಾಳೇನ ಡಾಕ್ಟರ್ ಕಡೆ ಹೋಗೂಣು ನಡಿ ದ್ಯಾಮವ್ವ."

"ಒಲ್ಲೆರಿ. ಹೋದ್ರ ಮಿಶ್ರಿ ಬಿಡು ಅಂತಾರ. ಬಿಡಾಕ ಯಾರ ಕೈಲೆ ಆಗತೈತಿ? ಬುಟ್ಟಿ ಹೊತ್ಕೊಂಡು ಮೂರ ಮಾಳಿಗಿ ಹತ್ತಾಕಿ ನಾ. ಅದೊಂದ ಚಿಟಿಕಿ ಇರದಿದ್ರ ಕಾಲ ಮುಂದ ಹೋಗೂದಿಲ್ಲ."

ಅರ್ಧ ತಾಸು ಪಾಠ ಮಾಡಿದೆ. ನನ್ನ ಕೈಯಲ್ಲಿ ಪಾಠ ಮಾಡಿಸಿಕೊಂಡ ಮಕ್ಕಳ ಮುಖದಲ್ಲಿ ಕಾಣುವ ದೂರದ ನೋಟ ಅವಳ ಕಣ್ಣಿನಲ್ಲೂ ಬಂತು. ಕೊನೆಗೆ ಅವಳೇ ಕೈ ಎತ್ತಿ ನಿಲ್ಲಿಸಿದಳು.

"ಒಂದ ಮಾತ ಕೇಳ್ರಿ. ನೀವು ಬಿಟ್ಟ ತೋರಸ್ರಿ. ಎಂಟ ದಿನ. ಎಂಟ ದಿನ ನೀವು ಹಚ್ಚಲಿಲ್ಲಂದ್ರ ಒಂಬತ್ತನೇ ದಿನ ನೀವು ಕರದಲ್ಲೆ ಬರ್ತೇನಿ. ನಮ್ಮೂರ ದ್ಯಾಮವ್ವನ ಆಣಿ."

ಊರ ದೇವಿಗೂ ಇವಳಿಗೂ ಒಂದೇ ಹೆಸರಾದ್ದರಿಂದ ಯಾರ ಮೇಲೆ ಆಣೆ ಬಿತ್ತೋ ತಿಳಿಯಲಿಲ್ಲ. ಆದರೆ ಅವಳು ಆಣೆ ಮುರಿದದ್ದನ್ನು ನಾನು ಕಂಡಿರಲಿಲ್ಲ. ಅಲ್ಲಿಯವರೆಗೆ ನನ್ನ ಬಾಯಿ ನನ್ನದೊಂದೇ ಆಗಿತ್ತು. ಈಗ ಅವಳ ಬಾಯಿಯೂ ನನ್ನ ಬೆರಳಿನ ಮೇಲೆ ನಿಂತಿತು.

ಅಂದೇ ಭರಣಿಯನ್ನು ಮೋರಿಗೆ ಕೊಡವಿ, ತೊಳೆದು, ನಿಜವಾದ ಕುಂಕುಮ ತುಂಬಿದೆ. ಮೊದಲನೆಯ ದಿನ ತಲೆನೋವು. ಎರಡನೆಯ ದಿನ ಹೊಟ್ಟೆ ಮುಷ್ಕರ ಹೂಡಿತು. ಆ ವಿಷಯದಲ್ಲಿ ನನ್ನ ಹಳೆಯ ನೆಪ ನೆಪವಾಗಿರಲಿಲ್ಲ ಎಂದು ಗೊತ್ತಾಯಿತು. ಮೂರನೆಯ ದಿನ ಬಿಡುವಿನ ಗಂಟೆ ಬಾರಿಸಿತು, ಕಾಲು ಬಚ್ಚಲಿಗೆ ನಡೆಯಿತು, ಕೈ ಚಿಲಕ ಹಾಕಿತು, ಬೆರಳು ಭರಣಿಗೆ ಹೋಗಿ ಬಾಯಿಗೆ ಬಂತು. ಇದೆಲ್ಲ ಆಗುವಾಗ ನಾನು ನಾಳೆಯ ಪಾಠದ ಬಗ್ಗೆ ಯೋಚಿಸುತ್ತಿದ್ದೆ. ರುಚಿ ಬೇರೆಯಾದಾಗಲೇ ಎಚ್ಚರ. ಆ ಮಧ್ಯಾಹ್ನ ನನ್ನ ಹಲ್ಲು ನೋಡಿ ರಕ್ತ ಬಂದಿದೆಯೆಂದು ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹೆದರಿದಳು. ನಾಲ್ಕನೆಯ ದಿನ ಅದೇ ಹುಡುಗಿ ಮಗ್ಗಿ ತಪ್ಪಿದ್ದಕ್ಕೆ ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ತರಗತಿ ಸುಮ್ಮನಾಯಿತು. ಅವಳು ಅತ್ತಳು. ನನ್ನ ಧ್ವನಿಗೆ ನಾನೇ ಬೆದರಿದೆ. ಮನೆಯಲ್ಲಿ ನಮ್ಮವರು ಸಾರಿಗೆ ಉಪ್ಪು ಕಡಿಮೆ ಎಂದದ್ದಕ್ಕೆ ಸೌಟು ಎಸೆದೆ. "ಏನಾಗೈತಿ ನಿನಗ?" ಎಂದರು. ಬಿಸಿಲು ಎಂದೆ.

ಪ್ರತಿ ಸಂಜೆ ದ್ಯಾಮವ್ವ ಹೊಸ್ತಿಲಲ್ಲಿ ನಿಂತು, "ಹಚ್ಚಿರೇನ್ರಿ?" ಎಂದು ಕೇಳುತ್ತಿದ್ದಳು. "ಇಲ್ಲ" ಎನ್ನುತ್ತಿದ್ದೆ. ಹೂಂ ಎಂದು ಹೋಗುತ್ತಿದ್ದಳು. ಐದನೆಯ ದಿನದ "ಇಲ್ಲ" ಹೇಳುವಾಗ ನನ್ನ ಕತ್ತು ಸ್ವಲ್ಪ ಮೇಲೆ ಹೋಗಿತ್ತು. ಗೆದ್ದೆ ಎನಿಸಿತ್ತು.

ಆರನೆಯ ದಿನ ಭಾನುವಾರ. ತಲೆನೋವಿಲ್ಲ, ಜಗಳವಿಲ್ಲ, ಕಷ್ಟವೆಂಬುದೇ ಇಲ್ಲ. ದ್ಯಾಮವ್ವನ ಪಾತ್ರೆಯೊಂದು ನಮ್ಮಲ್ಲಿ ಉಳಿದಿತ್ತು, ಕೊಟ್ಟುಬರೋಣವೆಂದು ಹೋದೆ. ಬಾಗಿಲು ತೆರೆದಿತ್ತು, ಅವಳು ಸಂತೆಗೆ ಹೋಗಿದ್ದಳು. ಒಲೆಯ ಪಕ್ಕದಲ್ಲಿ ಹಂಚು, ಹಂಚಿನ ಪಕ್ಕ ತಾಟಿನಲ್ಲಿ ಆಗಷ್ಟೇ ಹುರಿದು ಪುಡಿ ಮಾಡಿ ಆರಲು ಹರಡಿದ ಮಿಶ್ರಿ. ಕಿಟಕಿಯ ಬಿಸಿಲು ಸರಿಯಾಗಿ ಅದರ ಮೇಲೆ ಬಿದ್ದಿತ್ತು. ಆ ವಾಸನೆ ಮೂಗಿಗಿಂತ ಮೊದಲು ನಾಲಿಗೆಯ ಬುಡಕ್ಕೆ ಹೋಯಿತು, ಬಾಯಲ್ಲಿ ನೀರೂರಿತು. ಪಾತ್ರೆಯನ್ನು ಕೆಳಗಿಟ್ಟೆ. ಹೊರಡಬೇಕು ಎಂದುಕೊಂಡೆ. ಹೊರಡಬೇಕು ಎಂದುಕೊಳ್ಳುತ್ತಲೇ ಕುಕ್ಕರುಗಾಲಲ್ಲಿ ಕೂತೆ. ಹೊರಗೆ ಯಾರೋ ಚಪ್ಪಲಿ ಎಳೆದುಕೊಂಡು ಹೋದ ಸದ್ದು ಕೇಳಿಸಿತು, ಉಸಿರು ಬಿಗಿ ಹಿಡಿದೆ. ಸದ್ದು ದೂರವಾಯಿತು. ಬೆರಳು ತಾಟಿನಲ್ಲಿತ್ತು. ಆಮೇಲೆ ಬಾಯಲ್ಲಿತ್ತು.

ಸುಖವಾಯಿತೆ ಎಂದರೆ, ಆಯಿತು. ಅದನ್ನು ಮುಚ್ಚಿಡುವುದಿಲ್ಲ. ಹತ್ತು ನಿಮಿಷ ಲೋಕವೆಲ್ಲ ಸರಿಯಾದ ಜಾಗದಲ್ಲಿ ಕೂತಂತಿತ್ತು. ಆಮೇಲೆ ಮನೆಗೆ ಓಡಿಬಂದು ಬಾಯಿ ತೊಳೆದೆ, ಮತ್ತೆ ತೊಳೆದೆ, ಎಷ್ಟು ಸಲವೋ ನೆನಪಿಲ್ಲ.

ಅಂದು ಸಂಜೆಯಾಗುವವರೆಗೆ ನಾನು ಪಟ್ಟ ಪಾಡು ಹೇಳತೀರದು. ಇನ್ನು ಮೂರು ಸಂಜೆ "ಇಲ್ಲ" ಎಂದರೆ ಮುಗಿಯಿತು. ದ್ಯಾಮವ್ವ ಡಾಕ್ಟರ ಕುರ್ಚಿಯಲ್ಲಿ ಕೂರುತ್ತಾಳೆ. ಖರೇ ಹೇಳಿದರೆ ಅವಳ ಮಾತೇ ನಿಜವಾಗುತ್ತದೆ: ಬಿಡಲು ಯಾರ ಕೈಯಲ್ಲೂ ಆಗುವುದಿಲ್ಲ. ಆ ಕೆಂಪು ಗಾಯ ಅಲ್ಲೇ ಇರುತ್ತದೆ, ಬೆಳೆಯುತ್ತದೆ. ಇಪ್ಪತ್ತೆರಡು ವರ್ಷ ನನ್ನ ಸಲುವಾಗಿ ಸುಳ್ಳು ಹೇಳಿದವಳು ಅವಳ ಸಲುವಾಗಿ ಒಂದು ಹೇಳಲಾರೆನೆ? ಅಕ್ಕಿ ಆರಿಸುತ್ತಾ ಎರಡು ಉತ್ತರಗಳನ್ನೂ ಮನಸ್ಸಿನಲ್ಲೇ ಹೇಳಿ ನೋಡಿದೆ. ಸುಳ್ಳೇ ಹೆಚ್ಚು ಚಂದ ಕೇಳಿಸಿತು.

ಸಂಜೆ ಬಂದಳು. "ಹಚ್ಚಿರೇನ್ರಿ?"

"ಹಚ್ಚಿದೆ" ಎಂದೆ.

ಏಕೆ ಹಾಗೆ ಹೇಳಿದೆನೆಂದು ಹಲವು ಸಲ ಕೇಳಿಕೊಂಡಿದ್ದೇನೆ. ಸತ್ಯಸಂಧತೆ ಎಂದು ಬರೆಯಲು ಕೈ ಬರುವುದಿಲ್ಲ. ಆ ಸುಳ್ಳು ಅವಳಿಗಾಗಿಯೇ ಎಂದು ಹೇಳಿಕೊಳ್ಳುತ್ತಿದ್ದಾಗಲೂ, ಅದರ ಮರೆಯಲ್ಲಿ ನಾಳೆಯ ಚಿಟಿಕೆಗೆ ನಾನು ಜಾಗ ಹುಡುಕುತ್ತಿದ್ದದ್ದು ನನಗೇ ಕಂಡಿತ್ತು. ಬಹುಶಃ ಅದಕ್ಕೇ.

ದ್ಯಾಮವ್ವ ಹೊಸ್ತಿಲ ಮೇಲೆ ಕೂತಳು. ಒಳಗೆ ಕುಕ್ಕರ್ ಎರಡು ಸಲ ಸೀಟಿ ಹಾಕಿತು. ಅವಳು ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ.

"ಯಾವಾಗ?"

"ಇವತ್ತ ಮುಂಜಾನೆ. ನಿನ್ನ ಮನ್ಯಾಗ."

"ಅದಕ್ಕಿಂತ ಮೊದಲ?"

"ಇಲ್ಲ. ಐದು ದಿನ ಇಲ್ಲ."

"ಖರೇನ?"

"ಖರೇನ."

ಅವಳು ನನ್ನ ಕಡೆ ತಿರುಗಿ ಕೂತಳು.

"ನಾ ನಂಬಿದ್ದಿಲ್ರಿ ಅಕ್ಕೋರ. ದಿನಾ ಬಂದು ಕೇಳತಿದ್ನಿ, ನೀವು ಇಲ್ಲ ಅಂತಿದ್ರಿ. ಗಂಡಗ ಗೊತ್ತಾಗದಂಗ ಇಷ್ಟ ವರ್ಷ ಇಟ್ಟಾಕಿ ನನಗೇನ ಖರೇ ಹೇಳ್ತಾಳ ಅಂದ್ಕೋತಿದ್ನಿ. ಇವತ್ತ ಹಚ್ಚೇನಿ ಅಂದ್ರೆಲ್ಲ, ಹಂಗಾರ ಆ ಐದ ದಿನ ಖರೇನ ಬಿಟ್ಟಿದ್ರಿ ಅಂದಂಗಾತು." ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನೂ ಒಂದ ದಿನ ಬಿಟ್ಟ ನೋಡಿದ್ನಿ. ನಿಮಗ ಹೇಳಿದ್ದಿಲ್ಲ. ಊಟದ ಹೊತ್ತಿನ ತನಕಾನೂ ಆಗಲಿಲ್ಲ. ಐದ ದಿನ ಅಂದ್ರ ಸಣ್ಣ ಮಾತೇನ್ರಿ? ನಾಳೆ ಎಷ್ಟಕ್ಕ ಹೋಗೂದು?"

ಮರುದಿನ ನಾನು ರಜೆ ಹಾಕಿದೆ. ಅವಳು ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟು ಬಂದಳು. ಡಾಕ್ಟರ್ ಹುಡುಗಿ ಅವಳ ಕೆನ್ನೆಯೊಳಗೆ ಬೆಳಕು ಬಿಟ್ಟವಳೇ ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸಿದಳು. ಅಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಚೂರು ತೆಗೆದರು. ವರದಿಗೆ ಹತ್ತು ದಿನ.

ಆ ಹತ್ತು ದಿನಗಳಲ್ಲೇ ನಾನು ನಮ್ಮವರಿಗೆ ಹೇಳಿದ್ದು. ಚಹಾದ ಕಪ್ಪು ಕೆಳಗಿಟ್ಟು ಪೂರ್ತಿ ಕೇಳಿದರು. "ಪುಡಿ ಹೋಗ್ಲಿ. ಇಷ್ಟ ವರ್ಷ ಚಿಲಕ ಹಾಕ್ಕೊಂಡು ಹಚ್ಚೀಯಲ್ಲ, ನನಗ ಒಂದ ಮಾತ ಹೇಳಬಾರದಾಗಿತ್ತೇನ?" ಎಂದು ಎದ್ದು ಹೋದರು. ಎರಡು ದಿನ ಮಾತಿಲ್ಲ. ಮೂರನೆಯ ದಿನ ಶಾಲೆಯಲ್ಲಿ ಚೀಲ ತೆರೆದರೆ ಒಂದು ಪೊಟ್ಟಣ ಬಡೇಸೋಪು, ಅಂದರೆ ಸೋಂಪಿನ ಕಾಳು, ಇತ್ತು. ನಾನು ಇಟ್ಟದ್ದಲ್ಲ. ಬಾಯಿಗೆ ಹಾಕಿಕೊಂಡೆ. ಮಿಶ್ರಿಯ ಮುಂದೆ ಅದು ಏನೇನೂ ಅಲ್ಲ. ಆದರೂ ಅಗಿದೆ, ಕಣ್ಣಲ್ಲಿ ನೀರು ಬಂತು.

ದ್ಯಾಮವ್ವ ಆ ಹತ್ತು ದಿನವೂ ಬುಟ್ಟಿ ಹೊತ್ತಳು. ಕೂತರೆ ಯೋಚನೆ ಬರುತ್ತದೆ ಎನ್ನುತ್ತಿದ್ದಳು. ಸಂಜೆ ಅವಳು ನನ್ನನ್ನು ಕೇಳುತ್ತಿದ್ದಳು, ನಾನು ಅವಳನ್ನು. ಅವಳದು ಒಂದು ದಿನ "ಇಲ್ಲ", ಒಂದು ದಿನ "ಎರಡ ಸಲ", ಮತ್ತೊಂದು ದಿನ "ಕೇಳಬ್ಯಾಡ್ರಿ". ವರದಿಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಮುಂಗೈಯನ್ನು ಹೇಗೆ ಹಿಡಿದಿದ್ದಳೆಂದರೆ, ಬಳೆಯ ಗುರುತು ಮರುದಿನವೂ ಇತ್ತು. ಡಾಕ್ಟರು ಕಾಗದ ನೋಡಿ ಹಿಂದಿಯಲ್ಲಿ ಹೇಳಿದರು. ನಾನು ಕನ್ನಡ ಮಾಡಿ ಹೇಳಬೇಕಿತ್ತು. ಇನ್ನೂ ಕ್ಯಾನ್ಸರ್ ಆಗಿಲ್ಲ, ಆದರೆ ಅದರ ಬಾಗಿಲಲ್ಲಿದೆ, ಈಗಲೇ ತೆಗೆದುಹಾಕಬೇಕು. "ಆಗಿಲ್ಲ" ಎಂಬುದನ್ನು ಎರಡು ಸಲ ಹೇಳಿದೆ. ಉಳಿದದ್ದನ್ನು ಹೇಳುವ ಮೊದಲೇ ಅವಳು ಅಳತೊಡಗಿದ್ದಳು. ಅತ್ತು ಮುಗಿಸಿ, "ಅಂದ್ರ, ಆರ ತಿಂಗಳ ಬಿಟ್ಟ ಬಂದಿದ್ರ?" ಎಂದು ಕೇಳಿದಳು. ಅದನ್ನು ನಾನು ಹಿಂದಿಗೆ ಅನುವಾದಿಸಲಿಲ್ಲ.

ತೆಗೆದರು. ನಾಲ್ಕು ದಿನ ಅವಳು ಮಾತಾಡುವಂತಿರಲಿಲ್ಲ, ಕೈಸನ್ನೆಯಲ್ಲೇ ಓಣಿಯನ್ನೆಲ್ಲ ಆಳಿದಳು. ರಾಗಿ ಅಂಬಲಿ ಕುಡಿದು ಕುಡಿದು ಬೇಸತ್ತು, ಐದನೆಯ ದಿನ ಅವಳು ಆಡಿದ ಮೊದಲ ಮಾತು "ಖಾರ" ಎಂಬುದು. ನನ್ನ ಮಚ್ಚೆ ಆರು ವಾರದಲ್ಲಿ ಅಕ್ಕಿಕಾಳಿನಷ್ಟಾಯಿತು. ಆ ಆರು ವಾರವನ್ನು ನಾನು ಭಾನುವಾರದ ಮರುದಿನದಿಂದ ಎಣಿಸಿದ್ದೆ. ಪೂರ್ತಿ ಹೋಗಿಲ್ಲ. ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸುತ್ತೇನೆ. ಪ್ರತಿ ಸಲ ಆ ಡಾಕ್ಟರ್ ಹುಡುಗಿ ಬೆಳಕು ಬಿಡುವಾಗ ನನ್ನ ಕಾಲ ಬೆರಳುಗಳು ಚಪ್ಪಲಿಯೊಳಗೆ ಮುದುಡಿಕೊಳ್ಳುತ್ತವೆ.

ಮನಸ್ಸನ್ನು ಹಿಡಿತದಲ್ಲಿಡುವುದು ಒಬ್ಬಂಟಿ ಕೆಲಸವೆಂದು ನಾನು ನಂಬಿದ್ದೆ. ಹಲ್ಲು ಕಚ್ಚಿ ಹಿಡಿಯಬೇಕು ಎನ್ನುತ್ತಾರಲ್ಲ! ನನ್ನ ಸಂಕಲ್ಪಗಳನ್ನೂ ಚಿಲಕ ಹಾಕಿಕೊಂಡೇ ಮಾಡುತ್ತಿದ್ದೆ, ಚಿಲಕ ಹಾಕಿಕೊಂಡೇ ಮುರಿಯುತ್ತಿದ್ದೆ. ನೋಡುವವರಿಲ್ಲದ್ದರಿಂದ ಯಾವುದಕ್ಕೂ ಸದ್ದಿರಲಿಲ್ಲ. ದಿನಕ್ಕೊಮ್ಮೆ ಬಂದು ಕೇಳುವವಳು ಒಬ್ಬಳಿದ್ದದ್ದೇ ಈ ಸಲದ ವ್ಯತ್ಯಾಸ. ಅವಳು ಅಂಥ ಸಂತಳೇನೂ ಅಲ್ಲ. ಅವಳ ಬೆರಳೂ ಕಪ್ಪಗೇ ಇತ್ತು. ಬಹುಶಃ ಅದರಿಂದಲೇ ಅವಳಿಗೆ ಖರೇ ಹೇಳಲು ನನ್ನಿಂದಾಯಿತು.

ಈಗ ದ್ಯಾಮವ್ವ ಫೋಂಡಾದಲ್ಲಿದ್ದಾಳೆ, ಮಗಳ ಮನೆಯಲ್ಲಿ. ಅಲ್ಲೊಂದು ಹೊಸ ಕಟ್ಟಡದಲ್ಲಿ ಹಗುರ ಕೆಲಸ ಸಿಕ್ಕಿದೆ. ಮಧ್ಯಾಹ್ನ ಒಂದಕ್ಕೆ, ಇಬ್ಬರಿಗೂ ಊಟದ ಬಿಡುವಿನಲ್ಲಿ, ಅದೇ ಪ್ರಶ್ನೆ ಕೇಳಲು ದಿನಾ ಫೋನು ಮಾಡುತ್ತಾಳೆ. ಹೋದ ವಾರ ಒಂದು ದಿನ ಒಂದಾದರೂ ಫೋನು ಬರಲಿಲ್ಲ. ನಾನೇ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಬುತ್ತಿ ತೆರೆದವಳು ಹಾಗೆಯೇ ಮುಚ್ಚಿಟ್ಟೆ. ಒಂದೂವರೆಗೆ ಅವಳ ಫೋನು ಬಂತು. ಧ್ವನಿ ಸಣ್ಣದಾಗಿತ್ತು.

"ಹಚ್ಚಿದ್ನಿರಿ ಅಕ್ಕೋರ. ಈಗ ಒಂದ ತಾಸಾತು. ಗೆಳತಿ ಒಬ್ಬಾಕಿ ಡಬ್ಬಿ ತಗದ್ಲು, ಕೈ ಹೋತು. ನಿಮಗ ಫೋನ್ ಮಾಡಾಕ ಮಾರಿ ಇದ್ದಿಲ್ಲ."

ಬೈಯಲು ಬಾಯಿ ತೆರೆದೆ. ಬೈಯುವ ಅಧಿಕಾರ ನನಗೆಲ್ಲಿಂದ ಬರಬೇಕು? "ಎಷ್ಟ ದಿನ ಆಗಿತ್ತು?" ಎಂದೆ.

"ನಲವತ್ತೊಂದ."

"ಭಾಳ ಆತು ದ್ಯಾಮವ್ವ. ಹೋಗ್ಲಿ ಬಿಡು, ನಾಳಿಂದ ಮತ್ತ ಎಣಿಸೂಣು."

ಆ ಕಡೆ ಹಿಂದೆ ಎಲ್ಲೋ ಕಲ್ಲು ಕೊಯ್ಯುವ ಯಂತ್ರ ಕಿರುಗುಟ್ಟುತ್ತಿತ್ತು. ಆಮೇಲೆ ಅವಳ ಹಳೆಯ ಗಡುಸು ಧ್ವನಿ ಬಂತು:

"ನಾಳಿಂದ ಯಾಕ್ರಿ? ಇವತ್ತಿಂದ ಇನ್ನೂ ಅರ್ಧಾ ದಿನಾ ಐತಲ್ಲ!"